ನಮ್ಮೂರಲ್ಲೊಂದು ಉಚಿತ ಉಪನ್ಯಾಸ ಮಾಲೆ: ಮಂಗಳೂರಿನಲ್ಲಿ ಮಾಡಿ, ಎಡವಿ ಕಲಿತದ್ದು

ನಮ್ಮ ಮೊದಲ ಉಪನ್ಯಾಸಕ್ಕೆ ವೇದಿಕೆಯ ಮೇಲೆ ಏಳು ಜನ, ಕೆಳಗೆ ಹನ್ನೊಂದು ಜನ. ಆ ಹನ್ನೊಂದರಲ್ಲಿ ಒಬ್ಬರು ಮೈಕಿನವರು, ನಾಲ್ವರು ವೇದಿಕೆಯಲ್ಲಿದ್ದವರ ಮನೆಯವರು. ನಾಲ್ಕು ಗಂಟೆಗೆ ಅಂತ ಹಾಕಿದ್ದೆವು. ಮುಖ್ಯ ಅತಿಥಿ ಬರುವಾಗ ನಾಲ್ಕೂಮುಕ್ಕಾಲು. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಹೂಗುಚ್ಛ, ಅತಿಥಿಗಳ 'ಎರಡು ಮಾತು' ಎಲ್ಲ ಮುಗಿದು ಉಪನ್ಯಾಸಕರ ಕೈಗೆ ಮೈಕು ಸಿಕ್ಕಿದ್ದು ಐದೂಮುಕ್ಕಾಲಿಗೆ. ಆರೂಕಾಲಿಗೆ ಅವರ ಮುಂದೆ ಒಂದು ಚೀಟಿ ಬಂತು: 'ದಯವಿಟ್ಟು ಮುಗಿಸಿ.' ಎರಡು ಬಸ್ಸು ಬದಲಿಸಿ ಬಂದಿದ್ದ ನಿವೃತ್ತ ಮಾಸ್ಟ್ರು ಚೀಟಿ ಓದಿ ನಕ್ಕರು. ಕಂಕುಳಲ್ಲಿ ತಂದಿದ್ದ ಹಳೆಯ ನಕ್ಷೆಯನ್ನು ಬಿಚ್ಚದೆ ಹಾಗೇ ವಾಪಸ್ ತೆಗೆದುಕೊಂಡು ಹೋದರು.

ಆ ನಕ್ಷೆಯಲ್ಲಿ ಏನಿತ್ತು ಅಂತ ನೋಡಲಾಗಲಿಲ್ಲವಲ್ಲ ಎಂಬ ಬೇಜಾರಿನಿಂದಲೇ ನಾವು ಐದಾರು ಜನ ಎರಡನೇ ಸಲ ಸರಿಯಾಗಿ ಕೂತು ಯೋಚನೆ ಮಾಡಿದ್ದು. ಇತಿಹಾಸ, ಸಂಸ್ಕೃತಿ, ಊರಿನ ಆಡಳಿತ ಇಂಥ ವಿಷಯಗಳ ಬಗ್ಗೆ ಯಾರು ಬೇಕಾದರೂ ಬಂದು ಕೂತು ಕೇಳುವ ಉಪನ್ಯಾಸವನ್ನು ನಿಮ್ಮ ಬೀದಿಯಲ್ಲೂ ನಡೆಸಬಹುದು. ಅದಕ್ಕೆ ಸಂಘದ ನೋಂದಣಿ ಬೇಡ, ದೊಡ್ಡ ದುಡ್ಡೂ ಬೇಡ. ಈ ಕೆಲಸ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳ ಕಾಲದಲ್ಲಿ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತಾಡುತ್ತಿದ್ದರು, ಆ ಮಾತುಗಳು ಸಣ್ಣ ಪುಸ್ತಿಕೆಗಳಾಗಿ ಬರುತ್ತಿದ್ದವು. ನಮ್ಮ ಕಡೆಯವರಿಗಂತೂ ಮಾತು ಕೇಳುವ ಅಭ್ಯಾಸ ಹೇಳಿಕೊಡಬೇಕಾಗಿಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತಿಗೆ ಮಾತು ಕೊಡುವ ತಾಳಮದ್ದಲೆಗೆ ರಾತ್ರಿಯಿಡೀ ಕೂತ ಊರು ಇದು.

1. ವಿಷಯ ಹುಡುಕುವುದು

'ಕರಾವಳಿಯ ಇತಿಹಾಸ ಮತ್ತು ಸಂಸ್ಕೃತಿ' ಅಂತ ಬೋರ್ಡು ಹಾಕಿದರೆ ಬರುವವರು ಉಪನ್ಯಾಸಕರ ಶಿಷ್ಯರು ಮಾತ್ರ. 'ಬಾವುಟಗುಡ್ಡೆಗೆ ಆ ಹೆಸರು ಯಾಕೆ ಬಂತು?' ಅಂತ ಹಾಕಿ ನೋಡಿ. ದಿನಾ ಅದೇ ಗುಡ್ಡೆ ಹತ್ತಿ ಇಳಿಯುವವರು ನಿಂತು ಓದುತ್ತಾರೆ. ಕೇಳುವವರು ನಡೆದಾಡುವ ದಾರಿಯಿಂದಲೇ ವಿಷಯ ಎದ್ದು ಬರಬೇಕು. ನನ್ನ ಮಟ್ಟಿಗೆ ಈ ಕೆಲಸದ ಮುಕ್ಕಾಲು ಪಾಲು ಇಷ್ಟೇ.

ಬಾವುಟಗುಡ್ಡೆಯ ವಿಷಯವನ್ನೇ ತೆಗೆದುಕೊಳ್ಳಿ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. ಅದರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯವರೆಗೆ ಬೆಳೆದ ಬೆಳೆಯಲ್ಲೇ ಕಂದಾಯ ಕೊಡುತ್ತಿದ್ದ ರೈತರು ಈಗ ನಗದು ಕಟ್ಟಬೇಕಾಯಿತು. ನಗದು ಎಲ್ಲಿಂದ ಬರಬೇಕು? 1837ರಲ್ಲಿ ಆ ಕಡೆಯ ಜನ ದಂಗೆ ಎದ್ದರು, ಬೆಳ್ಳಾರೆಯ ಖಜಾನೆಗೆ ನುಗ್ಗಿದರು, ಏಪ್ರಿಲ್ 5ಕ್ಕೆ ಮಂಗಳೂರಿಗೆ ಬಂದು ಗುಡ್ಡೆಯ ಮೇಲೆ ಬಾವುಟ ಹಾರಿಸಿದರು. ಊರು ಸುಮಾರು ಎರಡು ವಾರ ಅವರ ಕೈಯಲ್ಲಿತ್ತು. ಆಮೇಲೆ ಕಣ್ಣೂರಿನಿಂದ ಸೈನ್ಯ ಬಂತು, ಮುಂದಾಳುಗಳಲ್ಲಿ ಕೆಲವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಇದಕ್ಕೆ ಎಷ್ಟು ಹೆಸರು ನೋಡಿ. ಹಳೆಯವರ ಬಾಯಲ್ಲಿ 'ಕಲ್ಯಾಣಪ್ಪನ ಕಾಟಕಾಯಿ', ಅಂದರೆ ಪುಂಡಾಟ. ಪುಸ್ತಕಗಳಲ್ಲಿ 'ಅಮರ ಸುಳ್ಯದ ದಂಗೆ'. ಈಗಿನ ಫಲಕಗಳಲ್ಲಿ 'ಸ್ವಾತಂತ್ರ್ಯ ಹೋರಾಟ'. ಒಂದೇ ಘಟನೆ, ಮೂರು ಹೆಸರು. ಯಾರು ಇಟ್ಟ ಹೆಸರು, ಯಾಕೆ ಇಟ್ಟರು ಅಂತ ಕೇಳಿದರೆ ಸಾಕು, ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಇಂಥದ್ದು ಮಂಗಳೂರಿನಲ್ಲಿ ಬೇಕಾದಷ್ಟು ಉಂಟು. ಕದ್ರಿ ದೇವಸ್ಥಾನದ ಲೋಕೇಶ್ವರ ವಿಗ್ರಹದ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಶಾಸನ ಉಂಟು, ಕ್ರಿ.ಶ. 968ರದ್ದು. ಮೂರು ಮುಖ, ಆರು ಕೈಯ ಆ ಕಂಚಿನ ಮೂರ್ತಿ ಬೌದ್ಧರದ್ದೋ, ಶೈವರದ್ದೋ? 12ನೇ ಶತಮಾನದಲ್ಲಿ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಹದಿನೈದು ವರ್ಷಕ್ಕೂ ಜಾಸ್ತಿ ಇದ್ದ, ಕಂಚಿನ ಪಾತ್ರೆ ಮಾಡಿಸುತ್ತಿದ್ದ. ಅವನ ವ್ಯಾಪಾರ ನೋಡಿಕೊಳ್ಳುತ್ತಿದ್ದ ಬೊಮ್ಮ ಎಂಬವನ ಹೆಸರು ಕೈರೋದ ಸಿನಗಾಗಿನಲ್ಲಿ (ಯಹೂದಿಗಳ ಪ್ರಾರ್ಥನಾಮಂದಿರ) ಸಿಕ್ಕಿದ ಕಾಗದಗಳಲ್ಲಿ ಉಳಿದಿದೆ. ಬಂದರಿನಲ್ಲಿ ಅಂಗಡಿ ಇರುವವರಿಗೆ ಈ ಕತೆ ಹೇಳಿ, ಮುಖ ನೋಡಿ. 1843ರ ಜುಲೈ 1ರಂದು ಹೊರಬಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ತಂದರು, ಮರುವರ್ಷ ಅದು ಬಳ್ಳಾರಿಗೆ ಹೋಯಿತು. ಯಾಕೆ ಹೋಯಿತು ಎಂಬುದೇ ಒಂದು ಉಪನ್ಯಾಸ. 1860ರ ದಶಕದಲ್ಲಿ ಅದೇ ಮಿಶನ್ನಿನವರು ಶುರುಮಾಡಿದ ಹಂಚಿನ ಕಾರ್ಖಾನೆ ಇನ್ನೊಂದು.

ಉಡುಪಿ ಕಡೆಯವರಿಗೆ ಬ್ಯಾಂಕುಗಳೇ ಒಂದು ಮಾಲೆಗೆ ಸಾಕು. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕು, ಅದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕು. 1925ರಲ್ಲಿ ಸಿಂಡಿಕೇಟ್, 1928ರಲ್ಲಿ ಅದರ ಪಿಗ್ಮಿ. ಪ್ರತಿ ದಿನ ಮನೆ ಬಾಗಿಲಿಗೆ ಬಂದು ಚಿಲ್ಲರೆ ಕಾಸು ತೆಗೆದುಕೊಂಡು ಹೋಗುವ ಆ ಲೆಕ್ಕ ಬೀಡಿ ಕಟ್ಟುವವರ, ಮೀನು ಮಾರುವವರ ಮನೆಯನ್ನು ಹೇಗೆ ಬದಲಿಸಿತು ಅಂತ ಪಿಗ್ಮಿ ಏಜೆಂಟರಾಗಿದ್ದವರೇ ಹೇಳಿದರೆ ಅದರ ರುಚಿ ಬೇರೆ.

ಹಳೆಯದರ ಜೊತೆಗೆ ಇವತ್ತಿನದ್ದೂ ಇರಲಿ. ನಾವು ಮೂರು ಇತಿಹಾಸಕ್ಕೆ ಒಂದು ಆಡಳಿತದ ವಿಷಯ ಅಂತ ಲೆಕ್ಕ ಇಟ್ಟುಕೊಂಡೆವು. ಮಂಗಳೂರು ಪಾಲಿಕೆಯಲ್ಲಿ 60 ವಾರ್ಡುಗಳಿವೆ. ವಾರ್ಡ್ ಸಮಿತಿಯಲ್ಲಿ ಯಾರು ಕೂರಬಹುದು, ಅಲ್ಲಿ ಏನು ಕೇಳಬಹುದು ಅಂತ ಗೊತ್ತಿರುವವರು ಕಡಿಮೆ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ ಎಂಬುದು ನಮ್ಮ ಕೇಳುಗರಲ್ಲಿ ಅರ್ಧದಷ್ಟು ಜನರಿಗೆ ಗೊತ್ತಿರಲಿಲ್ಲ. ಆ ದಿನ ರಶೀದಿ ತಂದು ನೋಡಿದವರೂ ಇದ್ದರು.

ಮೊದಲೇ ಹನ್ನೆರಡು ತಿಂಗಳಿನ ಪಟ್ಟಿ ಮಾಡಬೇಡಿ. ನಾಲ್ಕು ಸಾಕು. ನಾಲ್ಕನೆಯದು ಮುಗಿಯುವಾಗ ಕೇಳುಗರೇ ಐದನೆಯದನ್ನು ಹೇಳುತ್ತಾರೆ.

2. ಉಪನ್ಯಾಸಕರನ್ನು ಕರೆಯುವುದು

ಕಾಲೇಜುಗಳ ಇತಿಹಾಸ, ಕನ್ನಡ, ರಾಜ್ಯಶಾಸ್ತ್ರ ವಿಭಾಗಗಳಿಗೆ ಹೋಗಿ. ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡುವ ಹುಡುಗ ಹುಡುಗಿಯರನ್ನು ಮರೆಯಬೇಡಿ. ಅವರ ಹತ್ತಿರ ಹೊಸ ವಿಷಯ ಇರುತ್ತದೆ, ಕರೆಯುವವರು ಇರುವುದಿಲ್ಲ. ಉಡುಪಿಯಲ್ಲಾದರೆ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದ ಬಾಗಿಲು ತಟ್ಟಿ, ಆರು ಸಂಪುಟಗಳ ತುಳು ನಿಘಂಟು ತಯಾರಾದ ಜಾಗ ಅದು. ಆದರೆ ಡಿಗ್ರಿ ಇದ್ದವರೇ ಬೇಕು ಅಂತಿಲ್ಲ. ಹಂಚಿನ ಕಾರ್ಖಾನೆಯ ಉಪನ್ಯಾಸಕ್ಕೆ ನಾವು ಒಬ್ಬ ಅಧ್ಯಾಪಕರ ಪಕ್ಕದಲ್ಲಿ, ಒಲೆಯ ಹತ್ತಿರ ಮೂವತ್ತು ವರ್ಷ ದುಡಿದ ಒಬ್ಬರನ್ನು ಕೂರಿಸಿದೆವು. ಅವರು ಎರಡು ಹಂಚು ತಂದಿದ್ದರು. ಒಂದನ್ನು ಬೆರಳಿನ ಗಂಟಿನಿಂದ ತಟ್ಟಿದರು, ಟಣ್ ಅಂತು. ಇನ್ನೊಂದು ಬೊದ್ದ್ ಅಂತು. 'ಇದು ಬೇಯಲಿಲ್ಲ, ಮಳೆ ಹಿಡಿಯುವುದಿಲ್ಲ' ಅಂದರು. ಆ ಸಂಜೆ ಎಲ್ಲರಿಗೂ ನೆನಪುಳಿದದ್ದು ಅದೇ ಶಬ್ದ.

ಕರೆಯುವಾಗ ಸುಮ್ನೆ 'ಬಂದು ಮಾತಾಡಿ ಸರ್' ಅನ್ನಬೇಡಿ. ನಾವು ಕಳಿಸುವ ಸಂದೇಶ ಹೀಗಿರುತ್ತದೆ:

'ನಮಸ್ಕಾರ ಸರ್. ಬಾವುಟಗುಡ್ಡೆ ಮತ್ತು 1837ರ ದಂಗೆಯ ಬಗ್ಗೆ ನೀವು 45 ನಿಮಿಷ ಮಾತಾಡಬೇಕು ಅಂತ ಆಸೆ. ಕೇಳುವವರು ನಲವತ್ತು ಜನರ ಒಳಗೆ, ಹೆಚ್ಚಿನವರು ಇತಿಹಾಸ ಓದಿದವರಲ್ಲ. ಮಾತಾದ ಮೇಲೆ 40 ನಿಮಿಷ ಪ್ರಶ್ನೆಗಳು. ವೇದಿಕೆ, ಸನ್ಮಾನ ಇಲ್ಲ. ಹೋಗಿ ಬರುವ ಖರ್ಚು ಮತ್ತು ಸಣ್ಣ ಗೌರವಧನ ನಮ್ಮದು. ಒಂದು ಚಿತ್ರ ಅಥವಾ ದಾಖಲೆ ತೋರಿಸುವಂತಿದ್ದರೆ ತುಂಬಾ ಒಳ್ಳೆಯದು.'

ಕೊನೆಯ ಸಾಲು ಮುಖ್ಯ. ಕೈಯಲ್ಲಿ ಒಂದು ವಸ್ತು ಇದ್ದರೆ ಮಾತು ತಾನಾಗಿ ನೆಲಕ್ಕೆ ಇಳಿಯುತ್ತದೆ. ಇನ್ನು ಗೌರವಧನ. ಕೇಳುವವರಿಗೆ ಉಚಿತ ಅಂದರೆ ಹೇಳುವವರಿಗೂ ಉಚಿತ ಅಂತಲ್ಲ. ಹಾರ, ಶಾಲು, ಫಲಕಕ್ಕೆ ಹೋಗುವ ದುಡ್ಡನ್ನು ಒಂದು ಕವರಿನಲ್ಲಿ ಹಾಕಿ ಕೊಡಿ. ಶಾಲು ಎಲ್ಲರ ಮನೆಯಲ್ಲೂ ಬೇಕಾದಷ್ಟು ಬಿದ್ದಿರುತ್ತದೆ.

3. ದಿನ ಮತ್ತು ಜಾಗ

ಇಲ್ಲಿ ನಮ್ಮೂರಿನ ಪಂಚಾಂಗ ಗೊತ್ತಿರಬೇಕು. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ಹೊರಟ ಮೇಲೆ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯವರೆಗೆ, ಶನಿವಾರ ಭಾನುವಾರ ಯಾರೂ ಖಾಲಿ ಇರುವುದಿಲ್ಲ. ಕೋಲ, ನೇಮ, ಬ್ರಹ್ಮಕಲಶ, ಮದುವೆ, ಗೃಹಪ್ರವೇಶ. ಹಾಗಾದರೆ ಮಳೆಗಾಲ ಒಳ್ಳೆಯದು ಅಂತ ನಾವೂ ಅಂದುಕೊಂಡಿದ್ದೆವು. ಜೂನ್ ಪರವಾಗಿಲ್ಲ. ಆದರೆ ಆಟಿ ತಿಂಗಳ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ, ಭಾನುವಾರ ಬಿಡಿ. ಹಿಂದೆ ಆಟಿ ಅಂದರೆ ಕೆಲಸವಿಲ್ಲದ ತಿಂಗಳು. ಈಗ ಪ್ರತಿ ಸಂಘದ್ದೂ 'ಆಟಿಡೊಂಜಿ ದಿನ' (ಆಟಿಯಲ್ಲೊಂದು ದಿನ) ಇರುತ್ತದೆ, ಪತ್ರೊಡೆಯ ಎದುರು ಉಪನ್ಯಾಸ ನಿಲ್ಲುವುದಿಲ್ಲ. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಅಷ್ಟಮಿ, ಚೌತಿ, ಕ್ರೈಸ್ತರ ಮೋಂತಿ ಫೆಸ್ತ್ ಬರುತ್ತವೆ. ರಂಜಾನ್ ತಿಂಗಳಲ್ಲಿ ಸಂಜೆ ಇಟ್ಟರೆ ಬ್ಯಾರಿ ಗೆಳೆಯರು ಬರಲು ಆಗುವುದಿಲ್ಲ. ಒಂದು ದೊಡ್ಡ ಕ್ಯಾಲೆಂಡರ್ ಗೋಡೆಗೆ ಹಾಕಿ, ಇವೆಲ್ಲ ಗುರುತು ಮಾಡಿ, ಉಳಿದದ್ದನ್ನು ನೋಡಿ. ನಮಗೆ ಉಳಿದದ್ದು ತಿಂಗಳ ಎರಡನೇ ಶನಿವಾರ, ಸಂಜೆ 4.30. ಸರಕಾರಿ ನೌಕರರಿಗೆ ರಜೆ, ಮದುವೆ ಮುಗಿಸಿ ಬಂದವರಿಗೆ ಒಂದು ನಿದ್ದೆಯೂ ಆಗಿರುತ್ತದೆ. ಆರೂವರೆಗೆ ಮುಗಿಸಿ. ಕತ್ತಲಾದ ಮೇಲೆ ಒಳರಸ್ತೆಗೆ ಬಸ್ಸು ಕಡಿಮೆ. ಹೆಂಗಸರು, ವಯಸ್ಸಾದವರು ಬರಬೇಕಾದರೆ ಇದನ್ನು ನೋಡಲೇಬೇಕು.

ಜಾಗ ಸಣ್ಣದೇ ಇರಲಿ. ಪುರಭವನದಲ್ಲಿ ನಲವತ್ತು ಜನ ಕೂತರೆ ಸಾವಿನ ಮನೆಯ ಹಾಗೆ ಕಾಣುತ್ತದೆ, ಶಾಲೆಯ ಒಂದು ಕ್ಲಾಸ್‌ರೂಮಿನಲ್ಲಿ ಅದೇ ನಲವತ್ತು ಜನ ಜಾತ್ರೆ. ಶಾಲೆ, ಗ್ರಂಥಾಲಯ, ಕಾಲೇಜಿನ ಸೆಮಿನಾರ್ ಹಾಲ್, ಯುವಕ ಮಂಡಲ, ಚರ್ಚಿನ ಹಾಲ್, ಭಜನಾ ಮಂದಿರದ ಪಕ್ಕದ ಕೋಣೆ ಎಲ್ಲ ಕೇಳಿ ನೋಡಿ. ಆದರೆ ಒಂದು ಪ್ರಶ್ನೆ ಮೊದಲೇ ಕೇಳಿಕೊಳ್ಳಿ: ಊರಿನ ಎಲ್ಲರೂ ಹಿಂಜರಿಯದೆ ಒಳಗೆ ಬರುವ ಜಾಗವೇ ಇದು? ಕುದ್ಮುಲ್ ರಂಗರಾಯರ ಬಗ್ಗೆ ಉಪನ್ಯಾಸ ಇಟ್ಟಾಗ ನಮಗೆ ಈ ಪ್ರಶ್ನೆ ಚುಚ್ಚಿತು. ನೂರಕ್ಕೂ ಜಾಸ್ತಿ ವರ್ಷದ ಹಿಂದೆ ಈ ಊರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು ಬಹಿಷ್ಕಾರ ತಿಂದವರು ಅವರು. ಅವರ ಬಗ್ಗೆ ಮಾತಾಡಲು ನಾವು ಆರಿಸಿದ್ದ ಹಾಲಿಗೆ ಪಕ್ಕದ ಕಾಲೊನಿಯವರು ಯಾವತ್ತೂ ಬಂದವರಲ್ಲ. ಕೊನೆಗೆ ಸರಕಾರಿ ಶಾಲೆಗೆ ಬದಲಿಸಿದೆವು.

ಮತ್ತೆ, ಮಾಡು (ಚಾವಣಿ) ನೋಡಿ! ತಗಡಿನ ಶೀಟು ಇರುವ ಹಾಲ್ ಜೂನಿನಲ್ಲಿ ಬೇಡವೇ ಬೇಡ. ನಮ್ಮ ಮೂರನೇ ಉಪನ್ಯಾಸದಲ್ಲಿ ಇಪ್ಪತ್ತು ನಿಮಿಷ ಮಳೆಯೇ ಮಾತಾಡಿತು. ಉಪನ್ಯಾಸಕರು ಕೈ ಕಟ್ಟಿ ನಿಂತರು, ನಾವು ಚಾ ಕುಡಿದೆವು. ಹಂಚಿನ ಮಾಡು ಅಥವಾ ಆರ್‌ಸಿಸಿ ಇರಲಿ. ಬಯಲಿನಲ್ಲಿ ಧ್ವನಿವರ್ಧಕ ಹಾಕುವುದಾದರೆ ಪೊಲೀಸ್ ಅನುಮತಿ ಬೇಕು.

4. ದುಡ್ಡು

ಜಾಗ ಪುಕ್ಕಟೆ ಸಿಕ್ಕಿದರೆ ಉಳಿಯುವ ಖರ್ಚು ನಾಲ್ಕೇ: ಗೌರವಧನ, ಪ್ರಯಾಣ, ಚಾ ತಿಂಡಿ, ಪೋಸ್ಟರಿನ ಪ್ರಿಂಟು. ಹತ್ತು ಜನ ತಿಂಗಳಿಗೆ ಇಷ್ಟು ಅಂತ ಹಾಕಿಕೊಂಡರೆ ಸಾಕು. ಪ್ರಾಯೋಜಕರು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಪ್ರಾಯೋಜಕರು ಬಂದರೆ ಹಿಂದೆಯೇ ಫ್ಲೆಕ್ಸ್ ಬರುತ್ತದೆ, ಫ್ಲೆಕ್ಸಿನ ಹಿಂದೆ ಮುಖ್ಯ ಅತಿಥಿ ಬರುತ್ತಾರೆ. ಚುನಾವಣೆಯ ವರ್ಷವಾದರೆ ಕೇಳುವುದೇ ಬೇಡ. ಬಾಗಿಲಲ್ಲಿ ಒಂದು ಡಬ್ಬ ಇಡಿ, ಹಾಕಿದವರು ಹಾಕಲಿ. ಲೆಕ್ಕವನ್ನು ಅದೇ ವಾರ ವಾಟ್ಸಾಪ್ ಗುಂಪಿಗೆ ಹಾಕಿ.

5. ಜನರಿಗೆ ತಿಳಿಸುವುದು

ಪತ್ರಿಕೆಗಳ 'ಇಂದಿನ ಕಾರ್ಯಕ್ರಮ' ಅಂಕಣಕ್ಕೆ ಮೂರು ದಿನ ಮೊದಲೇ ಕೊಡಿ. ನಿವೃತ್ತರು ಈಗಲೂ ಅದನ್ನೇ ನೋಡಿ ಬರುವುದು. ವಾಟ್ಸಾಪಿಗೆ ಒಂದು ವಾರ ಮೊದಲು ಒಮ್ಮೆ, ಅದೇ ದಿನ ಬೆಳಿಗ್ಗೆ ಒಮ್ಮೆ. ಪೋಸ್ಟರನ್ನು ಎ4 ಹಾಳೆಯಲ್ಲೇ ಮಾಡಿ, ಬೇಕರಿ, ಜೆರಾಕ್ಸ್ ಅಂಗಡಿ, ಸೆಲೂನು, ಹಾಲಿನ ಬೂತಿನಲ್ಲಿ ಅಂಟಿಸಿ. ವಿಷಯ ದೊಡ್ಡ ಅಕ್ಷರದಲ್ಲಿ, ಉಪನ್ಯಾಸಕರ ಹೆಸರು ಅದಕ್ಕಿಂತ ಸಣ್ಣದು, ಸಂಘಟಕರ ಹೆಸರು ಎಲ್ಲಕ್ಕಿಂತ ಸಣ್ಣದು. ನಮ್ಮಲ್ಲಿ ಇದು ಯಾವಾಗಲೂ ತಲೆಕೆಳಗಾಗಿರುತ್ತದೆ, ಅಲ್ವಾ? 'ಉಚಿತ, ನೋಂದಣಿ ಬೇಡ, ಪ್ರಶ್ನೆ ಕೇಳಬಹುದು, ಚಾ ಉಂಟು' ಎಂಬ ಸಾಲು ಮರೆಯಬೇಡಿ. ಭಾಷೆಯ ಬಗ್ಗೆಯೂ ಒಂದು ಸಾಲು ಹಾಕಿ: ಮಾತು ಕನ್ನಡದಲ್ಲಿ, ಪ್ರಶ್ನೆ ತುಳು, ಕೊಂಕಣಿ, ಬ್ಯಾರಿ ಯಾವುದರಲ್ಲೂ ಆದೀತು. ಈ ಸಾಲು ಹಾಕಿದ ಮೇಲೆಯೇ ಹಿಂದಿನ ಬೆಂಚಿನ ಹೆಂಗಸರು ಬಾಯಿ ಬಿಟ್ಟದ್ದು.

6. ಆ ದಿನ

ವೇದಿಕೆ ಬೇಡ. ಒಂದು ಮೇಜು, ಎರಡು ಕುರ್ಚಿ. ಒಂದು ಉಪನ್ಯಾಸಕರಿಗೆ, ಒಂದು ನಡೆಸಿಕೊಡುವವರಿಗೆ. ದೀಪ ಹಚ್ಚಲೇಬೇಕು ಅಂತ ಹಿರಿಯರು ಹೇಳಿದರೆ ಜನ ಬರುವ ಮೊದಲೇ ಹಚ್ಚಿಡಿ, ಜಗಳ ಬೇಡ. ಪರಿಚಯ ಎರಡು ನಿಮಿಷ. ಉಪನ್ಯಾಸಕರ ಪದವಿ, ಪ್ರಶಸ್ತಿ ಓದಬೇಡಿ. ಈ ವಿಷಯಕ್ಕೂ ಅವರಿಗೂ ಏನು ನಂಟು ಅಂತ ಒಂದೇ ಮಾತು ಹೇಳಿ. 4.30ಕ್ಕೆ ಆರು ಜನ ಇದ್ದರೂ ಶುರುಮಾಡಿ. ಮೊದಲ ಎರಡು ತಿಂಗಳು ಕಷ್ಟ ಅನಿಸುತ್ತದೆ. ಮೂರನೇ ತಿಂಗಳು ಜನ 4.25ಕ್ಕೇ ಬಂದು ಕೂರುತ್ತಾರೆ.

ಪ್ರೊಜೆಕ್ಟರ್ ಇದ್ದರೆ ಒಂದು ಗಂಟೆ ಮೊದಲು ಹೋಗಿ. ನಮಗೆ ಮತ್ತೆ ಮತ್ತೆ ಕೈಕೊಟ್ಟದ್ದು ಕನ್ನಡ ಅಕ್ಷರ. ಉಪನ್ಯಾಸಕರು ಮನೆಯಲ್ಲಿ 'ನುಡಿ'ಯಲ್ಲೋ 'ಬರಹ'ದಲ್ಲೋ (ಕನ್ನಡ ಟೈಪಿಂಗ್ ತಂತ್ರಾಂಶಗಳು) ಟೈಪ್ ಮಾಡಿ ಪೆನ್‌ಡ್ರೈವ್ ತರುತ್ತಾರೆ. ನಮ್ಮ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇರುವುದಿಲ್ಲ. ಪರದೆಯ ಮೇಲೆ 'ಆಳುಪರು' ಅಂತ ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರ, ಕೊಂಬು, ಆಶ್ಚರ್ಯ ಚಿಹ್ನೆಗಳ ಕಿಚಡಿ. ಮೊದಲೇ ಪಿಡಿಎಫ್ ಮಾಡಿ ಕಳಿಸಲು ಹೇಳಿ. ಕರೆಂಟು ಹೋದರೆ ಅಂತ ಮುಖ್ಯ ಚಿತ್ರ ಎರಡನ್ನು ಪ್ರಿಂಟ್ ತೆಗೆದು ಕೈಯಿಂದ ಕೈಗೆ ದಾಟಿಸಿ. ನಿಜ ಹೇಳಬೇಕೆಂದರೆ ಪರದೆಗಿಂತ ಅದೇ ಚೆನ್ನಾಗಿರುತ್ತದೆ. ಜನ ಕಣ್ಣ ಹತ್ತಿರ ಹಿಡಿದು ನೋಡುತ್ತಾರೆ, ಪಕ್ಕದವರ ಹತ್ತಿರ ಮಾತಾಡುತ್ತಾರೆ.

ಚಾ, ಗೋಳಿಬಜೆ ಕೊನೆಗೆ ಇಡಬೇಡಿ. ಉಪನ್ಯಾಸ ಮುಗಿದು ಪ್ರಶ್ನೆ ಶುರುವಾಗುವ ಮೊದಲು ಹತ್ತು ನಿಮಿಷ ಕೊಡಿ. ಜನ ಗುಂಪು ಗುಂಪಾಗಿ ನಿಂತು ಮಾತಾಡುವಾಗಲೇ ಪ್ರಶ್ನೆ ಹುಟ್ಟುವುದು. ಕೊನೆಗೆ ಇಟ್ಟರೆ ಕಣ್ಣೆಲ್ಲ ಪಾತ್ರೆಯ ಮೇಲೆಯೇ.

7. ಪ್ರಶ್ನೆಯ ಹೊತ್ತು

ನಾನು ಇದಕ್ಕೇ ಹೋಗುವುದು. ಇಲ್ಲಿ ಎರಡು ತೊಂದರೆ ಬರುತ್ತವೆ. ಒಂದು, ಪ್ರಶ್ನೆ ಅಂತ ಎದ್ದು ತಾವೇ ಉಪನ್ಯಾಸ ಶುರುಮಾಡುವವರು. ಮೈಕನ್ನು ಅವರ ಕೈಗೆ ಕೊಡಬೇಡಿ, ನಿಮ್ಮ ಕೈಯಲ್ಲೇ ಹಿಡಿದು ಅವರ ಬಾಯಿಯ ಹತ್ತಿರ ನಿಲ್ಲಿ. ಒಂದು ನಿಮಿಷವಾದ ಮೇಲೆ 'ಅಣ್ಣ, ಪ್ರಶ್ನೆ ಯಾವುದು ಹೇಳಿ' ಅಂತ ನಗುತ್ತಾ ಕೇಳಿ. ಇನ್ನೊಂದು, ಮಾತನಾಡಲು ಹಿಂಜರಿಯುವವರು. ಅವರಿಗೆ ಚೀಟಿ, ಪೆನ್ನು ಕೊಡಿ. ಮೊದಲ ಮೂರು ಪ್ರಶ್ನೆ ಚೀಟಿಯಿಂದಲೇ ಓದಿ.

ಬಿಸಿ ಏರುವ ವಿಷಯಗಳೂ ಬರುತ್ತವೆ. ಟಿಪ್ಪುವಿನ ಕಾಲ, ದೇವಸ್ಥಾನ, ಜಾತಿ. ನಮ್ಮ ನಿಯಮ ಗೋಡೆಯ ಮೇಲೆ ಬರೆದಿರುತ್ತದೆ: 'ಆಧಾರ ಕೇಳಬಹುದು, ಕುಲ ಕೇಳುವಂತಿಲ್ಲ.' ಶಾಸನವೋ, ಕಾಗದವೋ, ಅಜ್ಜಿ ಹೇಳಿದ್ದೋ, ಯಾವುದೇ ಇರಲಿ, ಅದು ಯಾವುದು ಅಂತ ಹೇಳಿ ಮಾತಾಡಿ. ತಾಳಮದ್ದಲೆಯಲ್ಲಿ ಕರ್ಣನೂ ಕೃಷ್ಣನೂ ಎಷ್ಟೇ ಕಾದಾಡಿದರೂ ಪ್ರಸಂಗ ಬಿಟ್ಟು ಹೊರಗೆ ಹೋಗುವುದಿಲ್ಲವಲ್ಲ, ಹಾಗೆ.

ಭೂಸುಧಾರಣೆಯ ಉಪನ್ಯಾಸದ ದಿನ ನಡೆದದ್ದು ಹೇಳುತ್ತೇನೆ. 1974ರಲ್ಲಿ ಜಾರಿಗೆ ಬಂದ ತಿದ್ದುಪಡಿ ಗೇಣಿದಾರರಿಗೆ ತಾವು ಉಳುವ ಭೂಮಿಯ ಹಕ್ಕು ಕೊಟ್ಟಿತು. ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ನಮ್ಮವರು ಅದನ್ನು 'ಡಿಕ್ಲರೇಶನ್ ಕೊಟ್ಟದ್ದು' ಅಂತಲೇ ಹೇಳುವುದು. ಪ್ರಶ್ನೆಯ ಹೊತ್ತಿಗೆ ಒಬ್ಬ ಅಜ್ಜಿ ಪ್ಲಾಸ್ಟಿಕ್ ಚೀಲದಿಂದ ಮಡಚಿ ಮಡಚಿ ಹರಿದ ಕಾಗದ ತೆಗೆದರು. ಗಂಡ ಡಿಕ್ಲರೇಶನ್ ಕೊಟ್ಟ ಮೇಲೆ ಎರಡು ವರ್ಷ ಧಣಿಯ ಮನೆಯ ಅಂಗಳದ ದಾರಿ ಬಿಟ್ಟು ತೋಡಿನ ಬದಿಯಲ್ಲಿ ನಡೆದೆವು ಅಂತ ತುಳುವಿನಲ್ಲಿ ಹೇಳಿದರು. ಎರಡು ಸಾಲು ಹಿಂದೆ ಕೂತಿದ್ದ ಒಬ್ಬರು ಎದ್ದರು. ಅವರದ್ದು ಭೂಮಿ ಕಳೆದುಕೊಂಡ ಮನೆ. ಒಂದೂವರೆ ಎಕರೆಯ ಮೇಲೆ ಬದುಕಿದ್ದ ತಮ್ಮ ವಿಧವೆ ಅಜ್ಜಿಯೂ ಅದೇ ಕಾನೂನಿನಲ್ಲಿ ಎಲ್ಲ ಕಳೆದುಕೊಂಡಳು ಅಂದರು. ಉಪನ್ಯಾಸಕರು ಏನೂ ಹೇಳಲಿಲ್ಲ. ಇಬ್ಬರೂ ಕೊನೆಗೆ ಒಂದೇ ರಿಕ್ಷಾದಲ್ಲಿ ಹೋದರು, ಮಳೆ ಇತ್ತು.

8. ಮರುದಿನದ ನಡಿಗೆ, ಆಮೇಲಿನ ಕೆಲಸ

ಆಗುವುದಾದರೆ ಉಪನ್ಯಾಸದ ಮರುದಿನ ಬೆಳಿಗ್ಗೆ ಆರೂವರೆಗೆ ಒಂದು ನಡಿಗೆ ಇಡಿ. ಬಾವುಟಗುಡ್ಡೆಯಿಂದ ಹೊರಟು, ಪಕ್ಕದ ಸಂತ ಅಲೋಶಿಯಸ್ ಚಾಪೆಲ್ ದಾಟಿ, ಬಾಸೆಲ್ ಮಿಶನ್ನಿನ ನೆಲೆಯಾಗಿದ್ದ ಬಲ್ಮಠದವರೆಗೆ ಹೋದರೆ ಎರಡು ಗಂಟೆಯ ಒಳಗೆ ಮುಗಿಯುತ್ತದೆ. ಚಾಪೆಲಿನ ಒಳಗೆ ಅಂತೋನಿಯೊ ಮೊಸ್ಕೆನಿ ಬಿಡಿಸಿದ ಚಿತ್ರಗಳಿವೆ, ಅದನ್ನು ನೋಡುವುದಾದರೆ ಬಾಗಿಲು ತೆರೆಯುವ ಹೊತ್ತು ಮೊದಲೇ ಕೇಳಿಕೊಳ್ಳಿ. ಇಪ್ಪತ್ತು ಜನಕ್ಕಿಂತ ಜಾಸ್ತಿ ಬೇಡ, ರಸ್ತೆ ದಾಟುವುದೇ ಕಷ್ಟವಾಗುತ್ತದೆ.

ಉಪನ್ಯಾಸಕರ ಒಪ್ಪಿಗೆ ಇದ್ದರೆ ಧ್ವನಿ ಮುದ್ರಿಸಿ. ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕು ಮತ್ತು ಒಂದು ಫೋನು ಸಾಕು. ಪ್ರಶ್ನೆ ಕೇಳಿದವರ ಮಾತನ್ನು ಅವರನ್ನು ಕೇಳದೆ ಹೊರಗೆ ಹಾಕಬೇಡಿ, ಆ ಅಜ್ಜಿಯ ಮಾತು ಆ ಕೋಣೆಗೆ ಹೇಳಿದ್ದು. ಮಾತಿನ ಸಾರ ಎರಡು ಪುಟ ಬರೆದು ಉಪನ್ಯಾಸಕರಿಗೆ ತೋರಿಸಿ, ತಿದ್ದಿಸಿ, ಗುಂಪಿಗೆ ಕಳಿಸಿ.

ಅಂದ ಹಾಗೆ, ನಕ್ಷೆಯ ಮಾಸ್ಟ್ರನ್ನು ಎಂಟು ತಿಂಗಳ ಮೇಲೆ ಮತ್ತೆ ಕರೆದೆವು. ವೇದಿಕೆ ಇರಲಿಲ್ಲ. ನಕ್ಷೆಯನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಚಾ ಲೋಟ ಇಟ್ಟರು. ಜನ ಸುತ್ತ ಕುಕ್ಕರಗಾಲಿನಲ್ಲಿ ಕೂತು ತಮ್ಮ ತಮ್ಮ ಮನೆ ಎಲ್ಲಿ ಬರುತ್ತದೆ ಅಂತ ಬೆರಳಿಟ್ಟು ಹುಡುಕಿದರು.

ಕೊನೆಗೆ ಕುರ್ಚಿ ಜೋಡಿಸಿ, ಕಸ ಗುಡಿಸಿ, ಫ್ಯಾನು ಆರಿಸಿ. ಬೀಗದ ಕೈ ವಾಪಸ್ ಕೊಡುವಾಗಲೇ ಮುಂದಿನ ತಿಂಗಳ ಎರಡನೇ ಶನಿವಾರವನ್ನು ಅವರ ಡೈರಿಯಲ್ಲಿ ಬರೆಸಿಕೊಂಡು ಬನ್ನಿ.